ಖುನ್‌ಬಿಶಣ್ಣ ಮತ್ತು ಇಳಿಯದ ಸ್ಟೆಪ್ನಿ

ಖುನ್‌ಬಿಶ್ ಎಂದರೆ ನಮ್ಮ ಮಾತಿನಲ್ಲಿ ‘ಮನುಷ್ಯನಲ್ಲ’ ಎಂದರ್ಥ. ಖುನ್‌ಬಿಶಣ್ಣನಿಗಿಂತ ಮೊದಲು ಅವನ ತಾಯಿಗೆ ಮೂವರು ಹುಟ್ಟಿ, ಮೂವರೂ ಹಾಲು ಬಿಡುವ ಮೊದಲೇ ಹೋಗಿದ್ದರು. ಮಕ್ಕಳನ್ನು ಒಯ್ಯಲು ಹುಡುಕಿಕೊಂಡು ಬರುವ ಆ ಕೆಟ್ಟದ್ದು ನಾಲ್ಕನೆಯ ಸಲ ಗುಡಾರದ ಬಾಗಿಲಿಗೆ ಕಿವಿಗೊಟ್ಟಾಗ, ಒಳಗಿರುವುದು ಮನುಷ್ಯನಲ್ಲ ಎಂದು ಕೇಳಿಸಿಕೊಂಡು ಮುಂದೆ ಹೋಗಲಿ ಎಂದು ಆ ತಾಯಿ ಈ ಹೆಸರಿಟ್ಟಳು. ಅದು ಮುಂದೆ ಹೋಯಿತು. ಖುನ್‌ಬಿಶಣ್ಣ ಉಳಿದು ಅರವತ್ತೊಂದು ವರ್ಷವಾಯಿತು. ಆದರೆ ಅದು ಎಷ್ಟು ದೂರ ಹೋಗಿದೆಯೋ ತನಗೆ ಗೊತ್ತಿಲ್ಲ ಎಂದು ಅವನೇ ಒಮ್ಮೆ ನನಗೆ ಹೇಳಿದ್ದ.

ಗೋಬಿ ಮರುಭೂಮಿಯ ನಮ್ಮ ಊರಿನಲ್ಲಿ, ಶಾಲೆಯ ಬಾಯ್ಲರ್ ಕೋಣೆಯ ಹಿಂದೆ, ಒಂದು ಹಳೆಯ ಕಬ್ಬಿಣದ ಕಂಟೈನರ್ ಇದೆ. ಅದೇ ಅವನ ಗ್ಯಾರೇಜು. ನಾನು ಆ ಶಾಲೆಯಲ್ಲಿ ಮೇಷ್ಟ್ರು. ಕುರಿ ಕಾಯುವವರ ಮನೆಯಿಂದ ಬಂದವನು. ಪಾಠ ಮುಗಿದ ಮೇಲೆ ಅವನ ಕಂಟೈನರಿನ ಬಾಗಿಲಲ್ಲಿ ಕೂತು ಉಪ್ಪು ಹಾಕಿದ ಹಾಲಿನ ಚಹಾ ಕುಡಿಯುವುದು ನನ್ನ ರೂಢಿ. ಲಾರಿ ಡ್ರೈವರುಗಳೂ ಅಲ್ಲಿಗೇ ಬರುತ್ತಿದ್ದರು.

“ಮನುಷ್ಯನೇ ಅಲ್ಲ ಅಂದ್ಮೇಲೆ ನಿಂಗೆ ಎರಡು ಬಟ್ಟಲು ಸೂಪು ಯಾಕಣ್ಣ?” ಎಂದು ಒಬ್ಬ ಕೆಣಕುತ್ತಿದ್ದ.

“ಒಂದು ನಂಗೆ. ಇನ್ನೊಂದು ನಿನ್ ಗಾಡಿ ಕೆಳಗೆ ಮಲಗಿರೋ ಭೂತಕ್ಕೆ. ಅದನ್ನ ಸಾಕ್ತಿರೋನು ನಾನು, ನೀನು ಬರೀ ಓಡಿಸ್ತೀಯ” ಎಂದು ಇವನು ಬಟ್ಟಲಿನಿಂದ ಕಣ್ಣೆತ್ತದೆ ಹೇಳುತ್ತಿದ್ದ.

ಅವನ ಕೆಲಸದ ರೀತಿ ಬೇರೆ. ಯಾವ ಗಾಡಿ ಬಂದರೂ ಸೂರ್ಯ ಹೋಗುವ ದಿಕ್ಕಿಗೆ ಅದನ್ನು ಒಂದು ಸುತ್ತು ಹಾಕುತ್ತಿದ್ದ. ಆಮೇಲೆ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕಬ್ಬಿಣಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಕೇಳುತ್ತಿದ್ದ. ಸುತ್ತಿಗೆ ಎತ್ತುವುದು ಕೊನೆಗೆ. ಕಚ್ಚಿಕೊಂಡ ನಟ್ಟು, ತೆರೆಯದ ಬಾಗಿಲು, ಇಳಿಯದ ಸ್ಟೆಪ್ನಿ, ಇಂಥವೆಲ್ಲ ಅವನ ಹತ್ತಿರವೇ ಬರುತ್ತಿದ್ದವು. ನಮ್ಮ ಕಡೆಯ ಜೀಪುಗಳಲ್ಲಿ ಸ್ಟೆಪ್ನಿ ಹಿಂಭಾಗದಲ್ಲಿ, ಗಾಡಿಯ ಹೊಟ್ಟೆಯ ಕೆಳಗೆ, ಒಂದು ಸರಪಳಿಯಲ್ಲಿ ತೂಗುತ್ತಿರುತ್ತದೆ. ಹಿಂದಿನ ಬಂಪರಿನ ತೂತಿನಲ್ಲಿ ರಾಡು ತೂರಿಸಿ ತಿರುಗಿಸಿದರೆ ಮೇಲಿನ ಪುಟ್ಟ ರಾಟೆ ಸುತ್ತಿ, ಸರಪಳಿ ಬಿಚ್ಚಿಕೊಂಡು, ಚಕ್ರ ನೆಲಕ್ಕೆ ಇಳಿಯಬೇಕು. ಮಣ್ಣು, ಹಿಮ, ಒಂಟೆಯ ಲದ್ದಿ, ಎಲ್ಲವೂ ಆ ರಾಟೆಗೇ ಹೋಗಿ ಕೂರುತ್ತವೆ. ವರ್ಷಗಟ್ಟಲೆ ಯಾರೂ ಅದನ್ನು ನೋಡುವುದಿಲ್ಲ. ಬೇಕಾದ ದಿನ ಅದು ಇಳಿಯುವುದಿಲ್ಲ.

ನಾನು ಬರೆಯಹೊರಟಿರುವುದು ಅಂಥ ಒಂದು ದಿನದ ವಿಷಯ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸೆವ್ಜಿದ್ ಅಜ್ಜಿಯ ಸೊಸೆ ಯಾಂಜ್ಮಾ ತನ್ನ ಐದು ತಿಂಗಳ ಮಗುವನ್ನು ನಮ್ಮ ಊರಿನ ಆಸ್ಪತ್ರೆಗೆ ತಂದಳು. ಎರಡು ದಿನದಿಂದ ಜ್ವರ, ಉಸಿರಾಡುವಾಗ ಪಕ್ಕೆಲುಬು ಒಳಕ್ಕೆ ಹೋಗುತ್ತಿತ್ತು. ಶ್ವಾಸಕೋಶಕ್ಕೆ ಇಳಿದಿದೆ, ಇವತ್ತೇ ಜಿಲ್ಲಾ ಕೇಂದ್ರಕ್ಕೆ ಮುಟ್ಟಿಸಬೇಕು ಎಂದರು ಡಾಕ್ಟರಮ್ಮ. ಆಸ್ಪತ್ರೆಯ ಗಾಡಿ ಉತ್ತರದ ಗುಡಾರಗಳ ಕಡೆ ಹೋಗಿತ್ತು. ಮಗುವಿನ ಅಪ್ಪ ಒಂಟೆಗಳ ಜೊತೆ ದೂರದ ಹುಲ್ಲುಗಾವಲಿನಲ್ಲಿದ್ದ. ಅವನ ಜೀಪು ಇತ್ತು, ಓಡಿಸುವವರು ಇರಲಿಲ್ಲ. ಖುನ್‌ಬಿಶಣ್ಣ ಕೈ ಒರೆಸಿಕೊಂಡು ಎದ್ದ. ಪರೀಕ್ಷೆಯ ಕಾಗದ ತರಲು ನಾನೂ ಅಲ್ಲಿಗೇ ಹೋಗಬೇಕಿದ್ದುದರಿಂದ ಹಿಂದಿನ ಸೀಟಿಗೆ ಹತ್ತಿದೆ.

ಯಾಂಜ್ಮಾಳ ಮಗುವಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಅವಳಿಗೆ ಇದಕ್ಕಿಂತ ಮೊದಲು ಒಬ್ಬ ಮಗನಿದ್ದ. ಮೂರು ವರ್ಷ ತುಂಬಿ, ಮೊದಲ ಕೂದಲು ತೆಗೆಯುವ ಹಬ್ಬ ಆಗಿ, ಇಪ್ಪತ್ತು ದಿನಕ್ಕೆ ಅವನಿಗೂ ಜ್ವರ ಬಂತು. ಇದೇ ದಾರಿಯಲ್ಲಿ, ಒಂದು ಲಾರಿಯೊಳಗೆ, ಜಿಲ್ಲಾ ಕೇಂದ್ರ ಮುಟ್ಟುವ ಮೊದಲೇ ತಾಯಿಯ ಮಡಿಲಲ್ಲಿ ಹೋದ. ಹೋದವರ ಹೆಸರನ್ನು ನಾವು ಹೇಳುವುದಿಲ್ಲ, ನಾನೂ ಬರೆಯುವುದಿಲ್ಲ. ಎರಡನೆಯವನಿಗೆ ಎನೆಬಿಶ್ ಎಂದು ಹೆಸರಿಟ್ಟರು. ಅಂದರೆ ‘ಇವನಲ್ಲ’.

ಹೊರಡುವಾಗ ಸೆವ್ಜಿದ್ ಅಜ್ಜಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಸಾಮಾನ್ಯವಾಗಿ ಖುನ್‌ಬಿಶಣ್ಣ ಗಾಡಿಯ ಕೆಳಗೆ ಒಮ್ಮೆ ನೋಡದೆ ದೂರ ಹೊರಡುವವನಲ್ಲ. ಅವತ್ತು ಬಗ್ಗಿದವನನ್ನು ಅಜ್ಜಿಯೇ ತಡೆದಳು.

“ಏನೂ ನೋಡ್ಬೇಡ ತಮ್ಮಾ, ಎಲ್ಲಾ ಸರಿಯಾಗಿದೆ. ಹೊತ್ತು ಕಳೀಬೇಡ” ಎಂದಳು. ರೇಡಿಯೋದಲ್ಲಿ ಮಧ್ಯಾಹ್ನದ ಮೇಲೆ ಬಿರುಗಾಳಿ ಎಂದು ಹೇಳಿದ್ದರು. ಅವನು ಸುಮ್ಮನೆ ಹತ್ತಿದ. ಪ್ರಯಾಣ ಸುಖವಾಗಲೆಂದು ಅಜ್ಜಿ ಚಕ್ರದ ಗುರುತಿನ ಮೇಲೆ ಹಾಲು ಚಿಮುಕಿಸಿದಳು.

ಎಪ್ಪತ್ತು ಕಿಲೋಮೀಟರ್ ಸುಮ್ಮನೆ ಹೋದೆವು. ಗಾಳಿ ಇರಲಿಲ್ಲ. ಬಿಸಿಲು ಬಿಳಿಯಾಗಿತ್ತು, ನೆಲ ಮತ್ತು ಆಕಾಶ ಸೇರುವಲ್ಲಿ ನೀರು ನಿಂತ ಹಾಗೆ ಕಾಣುತ್ತಿತ್ತು. ಕಪ್ಪು ಕಲ್ಲುಗಳ ಬಯಲು ಶುರುವಾಗುವಲ್ಲಿ ಮೊದಲ ಸಲ ಆ ಸದ್ದು ಕೇಳಿಸಿತು. ಟೊಕ್. ಸ್ವಲ್ಪ ಹೊತ್ತು ಬಿಟ್ಟು, ಟೊಕ್ ಟೊಕ್. ನನ್ನ ಸೀಟಿನ ಅಡಿಯಿಂದ. ಕಲ್ಲು ಬಡಿದ ಸದ್ದಲ್ಲ. ಬಾಗಿಲು ತಟ್ಟುವವರು ಬೆರಳ ಗೆಣ್ಣಿನಿಂದ ತಟ್ಟುವ ಹಾಗೆ.

“ಏನಣ್ಣ ಅದು?” ಎಂದಳು ಯಾಂಜ್ಮಾ.

“ಸ್ಟೆಪ್ನಿ ಸಡಿಲ ಆಗಿದೆ. ರಿಮ್ಮು ಚಾಸಿಗೆ ತಾಗ್ತಿದೆ.”

ಅವಳು ಕಿಟಕಿಯಾಚೆ ನೋಡಿದಳು. “ಇಲ್ಲೇ” ಎಂದಳು. “ಆ ಮೊಂಡು ಗುಡ್ಡ ಎಡಕ್ಕೆ ಬಂದಾಗಲೇ ಅವನು ನೀರು ಬೇಡ ಅಂದಿದ್ದು. ಆಮೇಲೆ ಮಾತಾಡ್ಲಿಲ್ಲ.”

ಕೆಳಗೆ ಟೊಕ್ ಟೊಕ್ ಎನ್ನುತ್ತಲೇ ಇತ್ತು.

ಅಲ್ಲಿಂದ ಮೂರು ಕಿಲೋಮೀಟರ್ ದಾಟಿರಬೇಕು. ಎಡಗಡೆಯ ಹಿಂದಿನ ಟಯರು ಒಂದೇ ಸಲಕ್ಕೆ ಕೂತಿತು. ಇಳಿದು ನೋಡಿದರೆ ಚೂಪು ಕಲ್ಲೊಂದು ಟಯರಿನ ಪಕ್ಕೆಯನ್ನು ಕೈಯಗಲ ಸೀಳಿತ್ತು. ಪಂಚರ್ ಹಾಕುವ ಹಾಗಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಮುಂದೆ ತೊಂಬತ್ತು ಕಿಲೋಮೀಟರ್. ಪಶ್ಚಿಮದ ಅಂಚಿನಲ್ಲಿ ಒಂದು ಹಳದಿ ಗೆರೆ ಎದ್ದಿತ್ತು.

“ಅರ್ಧ ಗಂಟೆ ಇದೆ. ಸ್ಟೆಪ್ನಿ ಹಾಕೋಕೆ ಹದಿನೈದು ನಿಮಿಷ ಸಾಕು” ಎಂದ ಖುನ್‌ಬಿಶಣ್ಣ.

ಜಾಕ್ ಏರಿಸಿ, ಸೀಳಿದ ಚಕ್ರ ಬಿಚ್ಚಿ, ಅದನ್ನೇ ಚಾಸಿಯ ಅಡಿಗೆ ತಳ್ಳಿದೆವು. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ಮನುಷ್ಯನ ಮೇಲಲ್ಲ. ಆಮೇಲೆ ಅವನು ಬಂಪರಿನ ತೂತಿಗೆ ರಾಡು ತೂರಿಸಿ ತಿರುಗಿಸಿದ. ಸ್ಟೆಪ್ನಿ ಒಂದು ಗೇಣು ಇಳಿಯಿತು. ನಿಂತಿತು. ಇನ್ನೊಮ್ಮೆ ತಿರುಗಿಸಿದ. ರಾಡು ಕಾಲು ಸುತ್ತು ಹೋಗಿ, ಅವನ ಕೈಯಿಂದ ತಾನಾಗಿ ಹಿಂದಕ್ಕೆ ತಿರುಗಿತು. ಮೂರನೆಯ ಸಲವೂ ಹಾಗೆಯೇ. ಸ್ಟೆಪ್ನಿ ತಾನಾಗಿ ಎರಡು ಬೆರಳು ಮೇಲಕ್ಕೆ ಹೋಯಿತು.

ಖುನ್‌ಬಿಶಣ್ಣ ರಾಡು ಬಿಟ್ಟು ಕೈ ನೋಡಿಕೊಂಡ.

“ತುಕ್ಕೇನಣ್ಣ?” ಎಂದೆ.

“ತುಕ್ಕಾಗಿದ್ರೆ ಕಲ್ಲಿನ ಹಾಗೆ ನಿಲ್ತದೆ ಮೇಷ್ಟ್ರೇ. ಇದು ನಿಲ್ತಿಲ್ಲ. ವಾಪಸ್ ಎಳೀತಿದೆ.”

ಹಾಗಂದು ಮತ್ತೆ ಕೆಲಸಕ್ಕೆ ಬಗ್ಗಿದ. ರಾಟೆಗೆ ಡೀಸೆಲ್ ಸುರಿದ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಸ್ಟೆಪ್ನಿಯ ಮೇಲೆ ಇಬ್ಬರೂ ಕಾಲಿಟ್ಟು ತುಳಿದೆವು. ಚಕ್ರ ಅಲ್ಲಾಡಿತೇ ಹೊರತು ಇಳಿಯಲಿಲ್ಲ. ಸರಪಳಿಯನ್ನೇ ಕೊಯ್ಯೋಣವೆಂದರೆ ಇದ್ದದ್ದು ಒಂದೇ ಬ್ಲೇಡು, ಬೆರಳು ದಪ್ಪದ ಕೊಂಡಿಗಳು, ಒಂದು ಗಂಟೆಯಾದರೂ ಬೇಕು. ಹಳದಿ ಗೆರೆ ಈಗ ಗೋಡೆಯಾಗಿತ್ತು. ಆದರೂ ನಮ್ಮಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಗಾಡಿಯೊಳಗಿಂದ ಎನೆಬಿಶನ ಉಸಿರು ಹೊರಗೇ ಕೇಳಿಸುತ್ತಿತ್ತು, ಒದ್ದೆ ಚರ್ಮ ಉಜ್ಜಿದ ಹಾಗೆ.

ಖುನ್‌ಬಿಶಣ್ಣ ಬೆನ್ನ ಮೇಲೆ ಮಲಗಿ ಗಾಡಿಯಡಿಗೆ ಸರಿದ. ಟಾರ್ಚು ಮತ್ತು ಗಡ್ಡ ಕೆರೆಯುವ ಕನ್ನಡಿ ಕೇಳಿದ. ಕೊಟ್ಟೆ. ಅವನ ಬೂಟುಗಳು ಮಾತ್ರ ಹೊರಗಿದ್ದವು. ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳುತ್ತಿದ್ದಾನೆಂದು ಅವನು ಅಲುಗದೆ ಇದ್ದುದರಿಂದ ತಿಳಿಯಿತು. ಎಂಜಿನ್ ನಿಂತಿರುವ ಗಾಡಿಯಲ್ಲಿ ಕೇಳುವುದಕ್ಕೆ ಏನಿದೆ?

“ಮೇಷ್ಟ್ರೇ, ನೀವು ಮೇಲೆ ಏನಾದ್ರೂ ತಟ್ಟಿದ್ರಾ?”

“ಇಲ್ಲವಲ್ಲ.”

“ಆ ತಂಗಿ?”

ಯಾಂಜ್ಮಾ ಎರಡೂ ಕೈಯಲ್ಲಿ ಮಗುವನ್ನು ಹಿಡಿದಿದ್ದಳು. ಇಲ್ಲ ಎಂದೆ. ಅವನು ಮತ್ತೆ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸರಿದು ಹೊರಬಂದು, ಎದ್ದು ನಿಲ್ಲದೆ ಮಂಡಿಯ ಮೇಲೆ ಕೂತ. ಬೆರಳುಗಳ ನಡುವೆ ಒಂದು ನೀಲಿ ಎಳೆ ಇತ್ತು.

“ರಾಟೆ ಒಳಗೆ ಖದಗ್ ಸುತ್ಕೊಂಡಿದೆ” ಎಂದ.

ಅದು ನಾವು ದೇವರಿಗೆ, ಹಿರಿಯರಿಗೆ, ಕಣಿವೆಯ ಕಲ್ಲುಗುಪ್ಪೆಗೆ ಅರ್ಪಿಸುವ ನೀಲಿ ರೇಷ್ಮೆ ವಸ್ತ್ರ. ಯಾರೋ ಸ್ಟೆಪ್ನಿ ಇಳಿಸಿದ್ದಾಗ ಸರಪಳಿಗೆ ಕಟ್ಟಿದ್ದಾರೆ. ಚಕ್ರ ಮೇಲೆತ್ತುವಾಗ ಅದು ರಾಟೆಯೊಳಗೆ ಪದರ ಪದರವಾಗಿ ಸುತ್ತಿ, ಚಳಿಗಾಲವಿಡೀ ಮಣ್ಣು ಕುಡಿದು, ಕಂಬಳಿಯ ಹಾಗೆ ಗಟ್ಟಿಯಾಗಿದೆ. ತಿರುಗಿಸಿದರೆ ಹಿಗ್ಗುತ್ತದೆ, ಬಿಟ್ಟರೆ ವಾಪಸ್ ಎಳೆಯುತ್ತದೆ.

“ಬರೀ ಖದಗ್ ಅಲ್ಲ” ಎಂದು ಖುನ್‌ಬಿಶಣ್ಣ ತಗ್ಗಿದ ಧ್ವನಿಯಲ್ಲಿ ಹೇಳಿ ಅಂಗೈ ತೆರೆದ. ನೀಲಿ ಎಳೆಗೆ ಅಂಟಿಕೊಂಡು ನಾಲ್ಕೈದು ಕೂದಲಿದ್ದವು. ತೆಳ್ಳಗೆ, ಕಂದು ಬಣ್ಣ, ಎಂದೂ ಕತ್ತರಿ ಕಾಣದ ಕೂದಲಿನ ಚೂಪು ತುದಿ.

ಯಾಂಜ್ಮಾ ಕಿಟಕಿಯಿಂದ ನೋಡುತ್ತಿದ್ದವಳು ಇಳಿದು ಬಂದಳು. ಬಗ್ಗಿ ಅದನ್ನು ನೋಡಿದಳು.

“ಅತ್ತೆ” ಎಂದಳು. “ಇವನು ಹುಟ್ಟಿದ ವಾರ ಪೆಟ್ಟಿಗೆ ಬೀಗದ ಕೈ ಕೇಳಿದ್ರು. ಅವನ ಕೂದಲು ಖದಗಲ್ಲಿ ಸುತ್ತಿಟ್ಟಿದ್ದೆ ನಾನು. ಯಾಕೆ ಅಂತ ಕೇಳಿದ್ರೆ, ನೋಡ್ಬೇಕು ಅನ್ನಿಸ್ತು ಅಂದ್ರು. ಅವತ್ತೇ ಇವನಪ್ಪ ಅಂಗಳದಲ್ಲಿ ಸ್ಟೆಪ್ನಿ ಇಳಿಸಿ ಪಂಚರ್ ಹಾಕ್ತಿದ್ರು.” ಆಮೇಲೆ, “ಈ ದಾರಿ ಅವನಿಗೆ ಗೊತ್ತಲ್ಲ ಅಣ್ಣ. ತನ್ನ ತಮ್ಮನನ್ನ ಕಾಯ್ಕೊಂಡು ಹೋಗ್ಲಿ ಅಂತ ಕಟ್ಟಿದಾರೆ” ಎಂದಳು.

ಕಟ್ಟಿದ್ದನ್ನು ಯಾರೂ ಕಾಣಬಾರದು, ಕಂಡರೆ ಕಾವಲು ಕೆಡುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ. ಅದಕ್ಕೇ ಅಜ್ಜಿ ಬೆಳಿಗ್ಗೆ ಬಗ್ಗಿ ನೋಡಬೇಡ ಎಂದದ್ದು.

ಗಾಳಿಯ ಮೊದಲ ಎಳೆ ಬಂತು. ನೆಲದ ಮೇಲೆ ಮರಳು ಹಾವಿನ ಹಾಗೆ ಹರಿಯತೊಡಗಿತು. ಖುನ್‌ಬಿಶಣ್ಣ ಬೂಟಿನಿಂದ ಚಾಕು ತೆಗೆದ. ಗಾಡಿಯಡಿಗೆ ತಲೆ ಹಾಕಿದ. ಹೊರಗೆ ತೆಗೆದ. ಮತ್ತೆ ಹಾಕಿದ. ಖದಗಿಗೆ ನಾವು ಕತ್ತಿ ಹಾಕುವುದಿಲ್ಲ. ಹೋದ ಮಗುವಿನ ಕೂದಲಿಗೆ ಯಾರು ಹಾಕುತ್ತಾರೆ?

“ಬಿಚ್ಚಿ ತೆಗೀತೀನಿ” ಎಂದ. “ಎಳೆ ಎಳೆಯಾಗಿ.”

“ಎಷ್ಟೊತ್ತು ಬೇಕು?” ಎಂದಳು ಯಾಂಜ್ಮಾ.

ಅವನು ಪಶ್ಚಿಮದ ಕಡೆ ನೋಡಿದ.

“ಎಷ್ಟೊತ್ತು ಬೇಕು ಅಣ್ಣ?”

“ಸಂಜೆ ಆಗ್ತದೆ, ತಂಗಿ.”

ಯಾಂಜ್ಮಾ ಎನೆಬಿಶನನ್ನು ನನ್ನ ಕೈಗೆ ಕೊಟ್ಟಳು. ಮಗು ಕಾದ ಕಲ್ಲಿನ ಹಾಗೆ ಬಿಸಿಯಾಗಿತ್ತು. ತುಟಿಯ ಸುತ್ತ ನೀಲಿಗಟ್ಟಿತ್ತು. ಅವಳು ನಡುಪಟ್ಟಿ ಬಿಗಿದುಕೊಂಡು ಖುನ್‌ಬಿಶಣ್ಣನ ಮುಂದೆ ಕೈ ಚಾಚಿದಳು. “ನನ್ಗೇ ಕೊಡಿ. ನನ್ ಮಗ, ನಾನ್ ಹೇಳ್ತೀನಿ ಅವನಿಗೆ.”

ಅವನು ಅವಳ ಮುಖ ನೋಡಿದ. ಚಾಕುವನ್ನು ತಿರುಗಿಸಿ, ಹಿಡಿಯ ಕಡೆಯಿಂದ ಅವಳ ಕೈಗಿತ್ತ. ಆಮೇಲೆ ಗಾಡಿಯ ಹಿಂದೆ ಹೋಗಿ ರಾಡು ಹಿಡಿದು ನಿಂತ.

ಯಾಂಜ್ಮಾ ಒಳಗೆ ಸರಿದಳು. ನಾನು ಗಾಡಿಯ ನೆರಳಲ್ಲಿ ಮಗುವನ್ನು ಅಪ್ಪಿಕೊಂಡು ಕೂತಿದ್ದೆ. ಅವಳು ಮಾತಾಡುವುದು ಕೇಳಿಸುತ್ತಿತ್ತು. ಖುನ್‌ಬಿಶಣ್ಣನ ಜೊತೆಗಲ್ಲ, ನನ್ನ ಜೊತೆಗಲ್ಲ. ಮಲಗಿಸುವಾಗ ಮಕ್ಕಳ ಜೊತೆ ಆಡುವ ಧ್ವನಿ. “ಸ್ವಲ್ಪ ಆಚೆ ಸರಿ. ಹೂಂ. ನೋವಾಗಲ್ಲ. ಕೈ ಬಿಡು ಈಗ... ಅಮ್ಮ ಅಲ್ವಾ, ಕೈ ಬಿಡು.” ನಡುವೆ ಸುಮ್ಮನಾಗಿ, ಯಾರದೋ ಮಾತು ಕೇಳಿಸಿಕೊಂಡ ಹಾಗೆ, “ಇಲ್ಲ, ಬಿಟ್ಟು ಹೋಗಲ್ಲ” ಎಂದಳು. ನನ್ನ ಕೈಯಲ್ಲಿದ್ದ ಮಗು ಕಣ್ಣು ತೆರೆದು ಗಾಡಿಯಡಿಯ ಕತ್ತಲೆಯನ್ನೇ ನೋಡುತ್ತಿತ್ತು.

“ಈಗ” ಎಂದಳು.

ಖುನ್‌ಬಿಶಣ್ಣ ರಾಡು ತಿರುಗಿಸಿದ. ರಾಟೆ ಒಮ್ಮೆ ಕಿರುಗುಟ್ಟಿತು. ಸರಪಳಿ ಗರಗರನೆ ಬಿಚ್ಚಿಕೊಂಡಿತು. ಸ್ಟೆಪ್ನಿ ಧೊಪ್ಪನೆ ನೆಲಕ್ಕೆ ಬಿತ್ತು.

ಹೊರಬಂದವಳ ಕೈಯಲ್ಲಿ ಅರ್ಧ ಖದಗ್ ಇತ್ತು, ಅರ್ಧ ಹಿಡಿ ಕೂದಲು ಇತ್ತು. ಅದನ್ನು ನಿಲುವಂಗಿಯ ಎದೆಯ ಒಳಗೆ ಇಟ್ಟುಕೊಂಡಳು. ಉಳಿದರ್ಧ ರಾಟೆಯಲ್ಲೇ ಇತ್ತು. ನಾವು ಚಕ್ರ ಹಾಕಿ ನಟ್ಟು ಬಿಗಿಯುವಷ್ಟರಲ್ಲಿ ಸೂರ್ಯ ಕಂದಿ, ಹಿತ್ತಾಳೆಯ ತಟ್ಟೆಯ ಹಾಗಾಗಿದ್ದ. ನೇತಾಡುವ ಸರಪಳಿಯನ್ನು ಮೇಲೆ ಸುತ್ತಲು ಹೊತ್ತಿರಲಿಲ್ಲ, ಹಾಗೇ ಬಿಟ್ಟು ಹತ್ತಿದೆವು.

ಬಿರುಗಾಳಿ ಬಂದಾಗ ಗಾಡಿ ನಿಲ್ಲಿಸಿ, ಮೂತಿಯನ್ನು ಗಾಳಿಯ ಕಡೆಗಿಟ್ಟು ಕಾಯಬೇಕು. ಗೋಬಿಯಲ್ಲಿ ಮಕ್ಕಳಿಗೂ ಇದು ಗೊತ್ತು. ಖುನ್‌ಬಿಶಣ್ಣ ಮಗುವಿನ ಕಡೆ ಒಮ್ಮೆ ನೋಡಿ, ನಿಲ್ಲಿಸಲಿಲ್ಲ. ಬಾನೆಟ್ಟು ಕಾಣುತ್ತಿರಲಿಲ್ಲ. ನಮ್ಮ ದಾರಿಗಳು ಡಾಂಬರು ಕಂಡವಲ್ಲ. ಚಕ್ರಗಳು ಕೊರೆದ ಎರಡು ಕಾಲುವೆ, ನಡುವೆ ಕಲ್ಲಿನ ದಿಣ್ಣೆ, ಅಷ್ಟೆ. ಅದನ್ನು ತಪ್ಪಿದರೆ ಎಲ್ಲ ಕಡೆಯೂ ದಾರಿಯೇ.

ಆಗ ಮತ್ತೆ ಕೇಳಿಸಿತು. ಟೊಕ್. ಟೊಕ್ ಟೊಕ್.

ಸ್ಟೆಪ್ನಿ ಕೆಳಗಿರಲಿಲ್ಲ. ಯಾಂಜ್ಮಾ ನನ್ನ ತೋಳು ಹಿಡಿದಳು.

“ಸರಪಳಿ” ಎಂದ ಖುನ್‌ಬಿಶಣ್ಣ. “ನಡುವಿನ ದಿಣ್ಣೆಗೆ ತಾಗ್ತಿದೆ. ತಾಗ್ತಿದೆ ಅಂದ್ರೆ ದಾರಿ ಮೇಲೆ ಇದೀವಿ.” ವೇಗ ತಗ್ಗಿಸಿ, “ಯಾರೂ ಮಾತಾಡ್ಬೇಡಿ. ಕೇಳಿಸ್ಕೋಬೇಕು” ಎಂದ.

ಹಾಗೆ ಹೋದೆವು. ತಟ್ಟುತ್ತಿದ್ದರೆ ಮುಂದೆ. ತಟ್ಟುವುದು ನಿಂತರೆ ಅವನು ಬ್ರೇಕು ಒತ್ತಿ, ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ, ಮತ್ತೆ ತಟ್ಟುವ ತನಕ ಹುಡುಕುತ್ತಿದ್ದ. ಬೆಳಿಗ್ಗೆ ಯಾವ ಸದ್ದಿಗೆ ಹೆದರಿದ್ದೆವೋ ಈಗ ಅದೇ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದೆವು. ಯಾಂಜ್ಮಾಳ ತುಟಿ ಅಲ್ಲಾಡುತ್ತಿತ್ತು. ಯಾರನ್ನು ಕರೆಯುತ್ತಿದ್ದಳೋ ನನಗೆ ಕೇಳಿಸಲಿಲ್ಲ.

ಒಂದು ಕಡೆ ಅದು ಪೂರ್ತಿ ನಿಂತುಹೋಯಿತು. ಎತ್ತ ತಿರುಗಿಸಿದರೂ ಸದ್ದಿಲ್ಲ. ಖುನ್‌ಬಿಶಣ್ಣ ಗಾಡಿ ನಿಲ್ಲಿಸಿ, ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ನನ್ನ ಕೈಗೆ ಕೊಟ್ಟು, ಬಾಗಿಲು ತಳ್ಳಿ ಇಳಿದ. ನಾಲ್ಕು ಹೆಜ್ಜೆಯಷ್ಟು ಹಗ್ಗ ಹೋಯಿತು. ಆಮೇಲೆ ಹೋಗಲಿಲ್ಲ. ವಾಪಸ್ ಬಂದು ಕೂತವನ ಮುಖದ ಮೇಲೆಲ್ಲ ಮರಳಿತ್ತು.

“ಮುಂದೆ ಹಳ್ಳ” ಎಂದ. “ಎರಡಾಳು ಆಳ.”

ಅವನು ಗೇರು ಹಾಕಲಿಲ್ಲ. ಎತ್ತ ಹೋಗಬೇಕೆಂದು ಅವನಿಗೂ ಗೊತ್ತಿರಲಿಲ್ಲ. ಆಗ, ಗಾಡಿ ನಿಂತೇ ಇರುವಾಗ, ಬಲಗಡೆಯ ಹಿಂದಿನ ಮೂಲೆಯ ಕೆಳಗೆ ಎರಡು ಸಲ ತಟ್ಟಿತು. ಟೊಕ್ ಟೊಕ್. ಬಿಟ್ಟು, ಇನ್ನೊಮ್ಮೆ.

ಸರಪಳಿ ನೇತಾಡುತ್ತಿದ್ದುದು ನಡುವಿನಲ್ಲಿ.

“ಗಾಳಿ” ಎಂದ ಖುನ್‌ಬಿಶಣ್ಣ. ಯಾರೂ ಅವನನ್ನು ಕೇಳಿರಲಿಲ್ಲ. ಹಿಂದಕ್ಕೆ ತೆಗೆದು ಬಲಕ್ಕೆ ತಿರುಗಿಸಿದ. ನೂರು ಮೀಟರ್ ಹೋಗಿರಬಹುದು, ಚಕ್ರಗಳು ದಾರಿಯ ಕಾಲುವೆಗೆ ಇಳಿದವು.

ಜಿಲ್ಲಾ ಕೇಂದ್ರ ಮುಟ್ಟಿದಾಗ ನಾಲ್ಕೂವರೆ. ನರ್ಸೊಬ್ಬಳು ಮಗುವನ್ನು ಕಿತ್ತುಕೊಂಡ ಹಾಗೆ ಎತ್ತಿಕೊಂಡು ಓಡಿದಳು. ಮೂಗಿಗೆ ಆಮ್ಲಜನಕದ ನಳಿಗೆ ಹಾಕಿ, ಸೂಜಿ ಚುಚ್ಚಿ, ನಮ್ಮನ್ನು ಹೊರಗೆ ಕೂರಿಸಿದರು. ಡಾಕ್ಟರು ಎರಡು ದಿನ ಏನೂ ಖಾತ್ರಿ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ಯಾಂಜ್ಮಾ ಮೆಟ್ಟಿಲಿಗೆ ಬಂದು, “ಹಾಲು ಕುಡೀತಿದಾನೆ. ಕಚ್ಚಿದ” ಎಂದಳು. ಖುನ್‌ಬಿಶಣ್ಣ ನಶ್ಯದ ಬುರುಡೆ ತೆಗೆದು ನನಗೆ ಕೊಟ್ಟ. ಇಬ್ಬರೂ ಸೇದಿ ಸೀನಿದೆವು.

ಒಂಬತ್ತು ದಿನದ ಮೇಲೆ ಊರಿಗೆ ಮರಳಿದೆವು. ಸೆವ್ಜಿದ್ ಅಜ್ಜಿ ಗುಡಾರದಲ್ಲಿ ಚಹಾ ಬಗ್ಗಿಸಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಖುನ್‌ಬಿಶಣ್ಣನಿಗೆ ಕೊಟ್ಟಳು. ಮೊಮ್ಮಗನ ನೆತ್ತಿ ಮೂಸಿದಳು, ಪಾದ ಮುಟ್ಟಿ ನೋಡಿದಳು. ಟಯರು ಬದಲಾಗಿದ್ದು ಅವಳ ಕಣ್ಣಿಗೆ ಆಗಲೇ ಬಿದ್ದಿತ್ತು.

“ಸ್ಟೆಪ್ನಿ ಇಳಿಸ್ಬೇಕಾಯ್ತಾ ತಮ್ಮಾ?”

“ಹೂಂ ಅಕ್ಕ.”

“ಸುಲಭವಾಗಿ ಇಳೀತಾ?”

ಯಾಂಜ್ಮಾ ಒಲೆಯ ಕಡೆ ತಿರುಗಿ ಬೆಂಕಿಗೆ ಸಗಣಿ ಬೆರಣಿ ಹಾಕುತ್ತಿದ್ದಳು. ಕೈ ಹಾಗೇ ನಿಂತಿತು.

ಖುನ್‌ಬಿಶಣ್ಣ ಚಹಾ ಊದಿದ. “ತುಕ್ಕು ಹಿಡಿದಿತ್ತು. ಡೀಸೆಲ್ ಹಾಕ್ದೆ, ಇಳೀತು. ಎಲ್ಲಾ ಗಾಡಿದೂ ಇದೇ ಗೋಳು.”

“ಅಲ್ಲಿ ಏನಾದ್ರೂ ಕಂಡ್ಯಾ?”

“ಮಣ್ಣು ಕಂಡೆ ಅಕ್ಕ. ಕೆಳಗೆ ಮಲಗಿದೋನಿಗೆ ಇನ್ನೇನು ಕಾಣ್ತದೆ.”

ಅಜ್ಜಿ ತಲೆಯಾಡಿಸಿ, ಒಣಗಿಸಿದ ಮೊಸರಿನ ತಟ್ಟೆಯನ್ನು ಅವನ ಕಡೆ ತಳ್ಳಿದಳು. ಯಾಂಜ್ಮಾ ಬೆರಣಿಯನ್ನು ಒಲೆಗೆ ಹಾಕಿ, ಅದರ ಬಾಗಿಲು ಮುಚ್ಚಿದಳು.